ಅಕಿ ಹೋದ್ಲು

ಸೊಲ್ಲಾಪುರ
12 ಫೆಬ್ರವರಿ 2025

ಅಣ್ಣಾ,

ನನ್ನ ಮದುವೆಯಾಯಿತು! ಆಯಿತು, ಆಯಿತು, ಆಗಿಯೇಬಿಟ್ಟಿತು! ಫೋನಿನಲ್ಲಿ ಕಿರುಚಿ ಹೇಳಬೇಕೆಂದಿದ್ದೆ. ಆದರೆ ಅವ್ವ ತೀರಿದ ತಿಂಗಳ ಕಾರ್ಯದ ದಿನ ಈ ಮದುವೆಯ ಮಾತಿಗೆ ಜಗಳವಾಡಿ ನನ್ನ ನಂಬರನ್ನು ಬ್ಲಾಕ್ ಮಾಡಿದವನು ನೀನು ಇನ್ನೂ ತೆಗೆದಿಲ್ಲ. ಈಮೇಲ್ ಮಾಡಿದರೆ ಆಫೀಸಿನ ನೋಟೀಸಿನ ಹಾಗೆ ಕಾಣುತ್ತದೆ. ಅದಕ್ಕೇ ಕಾಗದ, ಅದೂ ಕನ್ನಡದಲ್ಲಿ. ಕಾನ್ವೆಂಟಿನಲ್ಲಿ ಓದಿದ ನಮ್ಮಿಬ್ಬರಿಗೂ ಕನ್ನಡ ಕಲಿಸಿದವಳು ಅವ್ವ, ದಿಲ್‌ಸುಖ್‌ನಗರದ ಮನೆಯ ಮಹಡಿಯ ಮೇಲೆ, ಹಪ್ಪಳಕ್ಕೆ ಕಾಗೆ ಬರದ ಹಾಗೆ ಕಾಯಿಸುತ್ತ. ಒತ್ತಕ್ಷರ ತಪ್ಪಿದರೆ ಕಾಗೆಗಳನ್ನು ಬೈಯಿ.

ಹುಡುಗ ನಿಶಾಂತನೇ. ನೀನು 'ನಾಯಿ ಡಾಕ್ಟರ್' ಅಂತ ಹೀಯಾಳಿಸಿದ ನಿಶಾಂತ. ಎಷ್ಟು ಒಳ್ಳೆಯವನು ಅಣ್ಣಾ! ತಾಳಿ ಕಟ್ಟುವಾಗ ಗಂಟು ಎರಡು ಸಲ ಜಾರಿತು. ಎಮ್ಮೆಗೆ ಇಂಜೆಕ್ಷನ್ ಕೊಡುವಾಗ ಒಮ್ಮೆಯೂ ತಪ್ಪದ ಕೈ! ಇವರ ಮನೆಯಲ್ಲಿ ಅರ್ಧ ಮರಾಠಿ, ಅರ್ಧ ನಮ್ಮ ಕನ್ನಡ. ಅತ್ತೆ ಬಂಡೆಮ್ಮನವರು ನನ್ನ ಗಲ್ಲ ಹಿಂಡಿ, "ಹೈದರಾಬಾದ್ ಹುಡುಗಿ ಅಂದ್ರ ಬರೇ ಬಿರ್ಯಾನಿ ತಿನ್ನಾಕಿ ಅಂದ್ಕೊಂಡಿದ್ದೆ, ಇಕಿ ರೊಟ್ಟೀನೂ ಬಡೀತಾಳ!" ಅಂದರು. ನನ್ನ ರೊಟ್ಟಿ ಇನ್ನೂ ಭೂಪಟದ ಹಾಗೆಯೇ ಬರುತ್ತದೆ. ಅವರು ಸುಳ್ಳು ಹೇಳಿದ್ದು ನನಗೆ ತುಂಬಾ ಇಷ್ಟವಾಯಿತು.

ಇನ್ನೊಂದು ಮಜಾ ಕೇಳು. ಇಲ್ಲಿ ಮದುವೆಯಾದ ಹುಡುಗಿಯ ಹೆಸರನ್ನೇ ಬದಲಿಸುತ್ತಾರೆ. ತಾಟಿನ ತುಂಬ ಅಕ್ಕಿ ಹರಡಿ, ಅದರ ಮೇಲೆ ಗಂಡ ಉಂಗುರದಿಂದ ಹೊಸ ಹೆಸರು ಬರೆಯಬೇಕು. ನನಗೆ ಶಿವಗಂಗಾ ಅಂತ ಆರಿಸಿದ್ದರು. ನಿಶಾಂತ ಗಡಿಬಿಡಿಯಲ್ಲಿ ಮೊದಲ ಅಕ್ಷರದ ಗುಡಿಸು ಮರೆತು 'ಶವಗಂಗಾ' ಅಂತ ಬರೆದುಬಿಟ್ಟ! ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗಂತೂ ಕಣ್ಣಲ್ಲಿ ನೀರು ಬಂತು. ಹೊಸ ಮನೆ, ಹೊಸ ಹೆಸರು, ಎಲ್ಲವೂ ಹೊಸದು!

ಅವ್ವನ ಮನೆಯ ವಿಷಯ ನೀನು ಕೇಳುವ ಮೊದಲೇ ಹೇಳುತ್ತೇನೆ. ನನಗೆ ಏನೂ ಬೇಡ. ಕೋಚಿಂಗ್ ಸೆಂಟರಿನವರಿಗೆ ಹಾಸ್ಟೆಲ್ ಮಾಡಲು ಮಾರಬೇಕು ಎನ್ನುತ್ತಿದ್ದೆಯಲ್ಲ, ಮಾರು. ಎಲ್ಲಿ ಸಹಿ ಮಾಡಬೇಕು ತಿಳಿಸು. ಇಷ್ಟು ಖುಷಿಯಲ್ಲಿರುವವಳಿಗೆ ಗೋಡೆ ಗೇಟು ಯಾತಕ್ಕೆ? ಸಿಟ್ಟು ಬಿಟ್ಟು ಒಂದು ಸಲ ಬಾ.

ನಿನ್ನ ತಂಗಿ
ಶಿವಗಂಗಾ
(ಹೋದ ವಾರದವರೆಗೆ ಪ್ರಾಜಕ್ತಾ!)


ಮಣಿಕೊಂಡ, ಹೈದರಾಬಾದ್
1 ಮಾರ್ಚ್ 2025

ಶ್ರೀಮತಿ ಶಿವಗಂಗಾ ಅವರಿಗೆ,

ನಿಮ್ಮ ಕಾಗದ ತಲುಪಿತು.

ಅವ್ವ ಹೋಗಿ ವರ್ಷ ತುಂಬಿಲ್ಲ. ವರ್ಷಾಂತಿಕದವರೆಗೆ ತಡೆ ಅಂದಿದ್ದೆ, ಅಷ್ಟೇ. ಆ ನಾಯಿ ಡಾಕ್ಟರನನ್ನು ಬೇಡ ಅಂದಿರಲಿಲ್ಲ. ತಾಟಿನಲ್ಲಿ ಅವನು ಮೊದಲು ಬರೆದದ್ದೇ ಸರಿಯಾಗಿತ್ತು, ತಿದ್ದಿಸಬಾರದಿತ್ತು. ಪ್ರಾಜಕ್ತಾ ಎಂದು ನಿನಗೆ ಹೆಸರಿಟ್ಟವಳು ಅವ್ವ. ಅಪ್ಪನ ಕಡೆಯವರೆಲ್ಲ ಬೇಡವೆಂದರೂ ಹಠ ಹಿಡಿದು ಇಟ್ಟಳು. ಅದನ್ನು ನೀನು ಅಕ್ಕಿಯ ಮೇಲೆ ಕೈಯಾಡಿಸಿ ಅಳಿಸಿಕೊಂಡು ಬಂದು, 'ಮಜಾ' ಎಂದು ಬರೆಯುತ್ತೀ. ಸಂತೋಷ.

ಕೆಲಸದ ಮಾತು. ದಿಲ್‌ಸುಖ್‌ನಗರದ ಮನೆಯ ಕ್ರಯಪತ್ರ ಅವ್ವನ ಹೆಸರಿನಲ್ಲಿಲ್ಲ. 'ಪ್ರಿಯಂವದಾ, ಕಾಶಿನಾಥ ಅವರ ಮಗಳು' ಎಂದಿದೆ. ಕರೆಂಟ್ ಬಿಲ್ಲಿನಲ್ಲಿ ಬರುತ್ತಿದ್ದ ಅದೇ ಪ್ರಿಯಂವದಾ. ಕಾಶಿನಾಥಜ್ಜನ ಮಗಳೆಂದರೆ ಅವ್ವನ ತಂಗಿ, ನಮ್ಮ ಚಿಕ್ಕವ್ವ. ಮೀಟರ್ ನೋಡುವವನು ತಿಂಗಳಿಗೊಮ್ಮೆ ಗೇಟಿನಲ್ಲಿ ನಿಂತು "ಪ್ರಿಯಂವದ ಗಾರೂ" ಎಂದು ಕೂಗುತ್ತಿದ್ದ, ನಾವು "ಸತ್ತವರನ್ನು ಕೂಗುತ್ತಾನೆ" ಎಂದು ನಗುತ್ತಿದ್ದೆವು. ನೆನಪಿರಬೇಕು. ಯಾರು ಈ ಪ್ರಿಯಂವದಾ ಎಂದು ನಾನು ಅವ್ವನನ್ನು ಕೇಳಿದಾಗ ಅವಳು ಹೇಳಿದ್ದೂ ನೆನಪಿರಬೇಕು: "ಅಕಿ ಹೋದ್ಲಪಾ. ಭಾಳ ಹಿಂದ ಹೋದ್ಲು."

ವಕೀಲ ಮನೋಜ ಅಫಿಡವಿಟ್ ಬರೆದುಕೊಟ್ಟಿದ್ದಾರೆ. ನಮ್ಮ ತಾಯಿಯ ಒಬ್ಬಳೇ ತಂಗಿ ಪ್ರಿಯಂವದಾ ಮದುವೆಯಾಗದೆ, ಮಕ್ಕಳಿಲ್ಲದೆ ತೀರಿಕೊಂಡಳು. ಆಸ್ತಿ ನಮ್ಮ ತಾಯಿ ಶಾಮಲಾ ಅವರಿಗೆ, ಅವರ ನಂತರ ನಮ್ಮಿಬ್ಬರಿಗೆ ಬಂದಿದೆ. ನಿನ್ನ ಪಾಲನ್ನು ನೀನು ನನಗೆ ಬಿಟ್ಟುಕೊಡುತ್ತೀ. ಇಷ್ಟೇ. ನನ್ನದಕ್ಕೆ ಸಹಿ ಮಾಡಿ ಕೊಟ್ಟಾಗಿದೆ. ನಿನ್ನ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ನೋಟರಿಯ ಎದುರು ಸಹಿ ಮಾಡಿ ಕಳಿಸು. ಪ್ರಾಜಕ್ತಾ ಎಂದೇ ಮಾಡು. ಅಕ್ಕಿಯ ಹೆಸರು ಕೋರ್ಟಿನಲ್ಲಿ ನಡೆಯುವುದಿಲ್ಲ.

ಬರುವುದಿಲ್ಲ. ಕರೆಯಬೇಡ.

ವಿಶ್ವಜಿತ್


ಸೊಲ್ಲಾಪುರ
2 ಏಪ್ರಿಲ್ 2025

ಅಣ್ಣಾ,

ನಿನ್ನ ಕಾಗದ ಓದಿ ಎರಡು ದಿನ ಅತ್ತೆ. ಆಮೇಲೆ ಅಳು ಮುಗಿಯಿತು, ಯಾಕೆಂದರೆ ನಿಶಾಂತ ಯಾರದೋ ಮೇಕೆಮರಿಯನ್ನು ಮನೆಗೆ ತಂದ, ಅದು ನಿನ್ನ ಕಾಗದದ ಒಂದು ಮೂಲೆಯನ್ನು ತಿಂದಿತು. 'ಸಂತೋಷ' ಎನ್ನುವ ಪದವನ್ನೇ ತಿಂದಿತು. ಸುಳ್ಳಲ್ಲ!

ಅಫಿಡವಿಟ್ಟಿಗೆ ಯುಗಾದಿ ಕಳೆದ ಮೇಲೆ ಸಹಿ ಮಾಡೋಣ ಎಂದು ದೇವರ ಮನೆಯಲ್ಲಿಟ್ಟಿದ್ದೆ. ಈಗ ಮಾಡುವುದಿಲ್ಲ. ಸಿಟ್ಟಿಗೇಳಬೇಡ, ಪೂರ್ತಿ ಓದು. ನನಗೆ ಇದನ್ನು ಬರೆಯುವಾಗ ಮೈಯೆಲ್ಲ ಜುಮ್ ಎನ್ನುತ್ತಿದೆ.

ಯುಗಾದಿಯ ದಿನ ನಾವೆಲ್ಲ ಒಳಗೆ ಶ್ಯಾವಿಗೆ ಬಸಿಯುತ್ತಿದ್ದೆವು. ಹೊರಬಾಗಿಲಲ್ಲಿ ಯಾರೋ ಮುದುಕರು "ಸುಗಲಾ! ಏ ಸುಗಲಾ!" ಎಂದು ಕೂಗಿದರು. ತಪ್ಪಿ ಬೇರೆ ಮನೆಗೆ ಬಂದಿದ್ದಾರೆ ಎಂದುಕೊಂಡೆ. ಆದರೆ ನಮ್ಮ ಅತ್ತೆ ಕೈಯಲ್ಲಿದ್ದ ಪಾತ್ರೆಯನ್ನು ಹಾಗೇ ಬಿಟ್ಟು "ಬಂದೆ ಅಣ್ಣಾ" ಎನ್ನುತ್ತ ಓಡಿದರು. ಓಡಿದರು, ಅಣ್ಣಾ! ಮಂಡಿನೋವೆಂದು ಮೆಟ್ಟಿಲು ಹತ್ತದ ಹೆಂಗಸು. ಬಂದವರು ಅವರ ಅಣ್ಣ, ಅಕ್ಕಲಕೋಟದವರು.

ಸಂಜೆ ನಾನು ಕೇಳಿದೆ: "ಸುಗಲಾ ಅಂದ್ರ ಯಾರ್ರೀ?"

ಅತ್ತೆ ಅಕ್ಕಿ ಆರಿಸುತ್ತ ಕೂತಿದ್ದರು. ತಲೆ ಎತ್ತಲಿಲ್ಲ. "ನಾನಽ ಇದ್ದೆ. ಸುಗಲಮ್ಮ. ಇಲ್ಲಿ ಬಂದ ಮ್ಯಾಲೆ ಬಂಡೆಮ್ಮ ಅಂತ ಇಟ್ರು."

"ಮತ್ತ ಸುಗಲಮ್ಮ?"

"ಅಕಿ ಹೋದ್ಲವಾ," ಅಂದರು. "ಭಾಳ ಹಿಂದಽ ಹೋದ್ಲು."

ಅದೇ ಮಾತು. ಅದೇ ದನಿ. ಚಹಾದ ಕಪ್ಪನ್ನು ಅಲ್ಲೇ ಕೆಳಗಿಟ್ಟು, ಅವ್ವನ ಮಾತಿರುವ ನಿನ್ನ ಕಾಗದವನ್ನು ತಂದು ಮತ್ತೆ ಓದಿದೆ.

ಅಣ್ಣಾ, ಅವ್ವನಿಗೆ ತಂಗಿ ಇರಲಿಲ್ಲ. ಇದ್ದಿದ್ದರೆ ಒಂದು ಫೋಟೋ? ಒಂದು ತಿಥಿ? ಪಿತೃಪಕ್ಷದಲ್ಲಿ ಒಂದು ಎಡೆ? ಕಾಶಿನಾಥಜ್ಜ ಅವ್ವನನ್ನು ಕೊನೆಯವರೆಗೂ 'ಬೇಬಿ' ಎಂದೇ ಕರೆದರು, ಹೆಸರು ಹಿಡಿದು ಕರೆದದ್ದನ್ನು ನಾವು ಕೇಳಲೇ ಇಲ್ಲ. ಆ ಜಾಗವನ್ನು ಅವರು ಅವಳ ಮದುವೆಗೆ ಮೊದಲೇ ಕೊಂಡಿದ್ದರಂತೆ, ಅವ್ವನೇ ಹೇಳುತ್ತಿದ್ದಳು. ಪ್ರಿಯಂವದಾ ಅವ್ವ! ನಮ್ಮ ಅವ್ವನೇ! ಅವಳ ತಾಟಿನಲ್ಲೂ ಯಾರೋ ಅಕ್ಕಿ ಹರಡಿದ್ದರು.

ಈಗ ನೀನು ಕಳಿಸಿದ ಕಾಗದದ ಮೇಲೆ ನಾನು ಹೇಗೆ ಸಹಿ ಮಾಡಲಿ? ಪ್ರಿಯಂವದಾ ಮದುವೆಯಾಗದೆ, ಮಕ್ಕಳಿಲ್ಲದೆ ಸತ್ತಳು ಎಂದು ಆಣೆಯಿಟ್ಟು ಬರೆಯಲೇ? ನಾವಿಬ್ಬರೂ ಮತ್ತೆ ಯಾರು?

ಅತ್ತೆ ಶಂಶಾಬಾದಿನಲ್ಲಿದ್ದಾರೆ. ಇವರಲ್ಲ, ನಮ್ಮ ಅಪ್ಪನ ತಂಗಿ, ಗುಂಡತ್ತೆ. ಅವ್ವನ ಮದುವೆಯನ್ನು ಕಣ್ಣಾರೆ ಕಂಡವರಲ್ಲಿ ಉಳಿದಿರುವುದು ಅವರೊಬ್ಬರೇ. ಹೋಗಿ ಕೇಳು. ಪ್ಲೀಸ್.

ನಿನ್ನ
ಪ್ರಾಜಕ್ತಾ ಶಿವಗಂಗಾ (ಯಾವುದೆಂದು ತಿಳಿಯುತ್ತಿಲ್ಲ)


ಮಣಿಕೊಂಡ
15 ಏಪ್ರಿಲ್ 2025

ಪ್ರಾಜಕ್ತಾ,

ಮೇಕೆಮರಿ, ಶ್ಯಾವಿಗೆ, ಚಹಾದ ಕಪ್ಪು. ನಿನ್ನ ತಲೆಯಲ್ಲಿ ಯಾವಾಗಲೂ ಒಂದು ಸಿನಿಮಾ ಓಡುತ್ತಿರುತ್ತದೆ. ಯಾರದೋ ಮನೆಯ ಮುದುಕಿ ಎರಡು ಮಾತು ಆಡಿದಳು, ಅದನ್ನು ತಂದು ನಮ್ಮ ತಾಯಿಯ ಬಾಯಿಗೆ ಅಂಟಿಸಿದೆ.

ಮೊದಲು 'ಏನೂ ಬೇಡ' ಎಂದವಳು ನೀನೇ. ಮದುವೆಯಾಗಿ ತಿಂಗಳೆರಡಾಗುವಷ್ಟರಲ್ಲಿ ಬೇಕಾಯಿತು. ನಿನ್ನ ಗಂಡ ಹೇಳಿಕೊಟ್ಟನೋ, ಆ ಅತ್ತೆಯೋ? ನೇರವಾಗಿ ಕೇಳು, ಚಿಕ್ಕವ್ವನನ್ನು ಕೊಂದು ಅವ್ವನನ್ನು ಎಬ್ಬಿಸಬೇಡ.

ಅವ್ವನಿಗೆ ಡಯಾಲಿಸಿಸ್‌ ನಡೆಯುವಾಗ ನೀನು ಎಲ್ಲಿದ್ದೆ? ಬಂದಾಗಲೆಲ್ಲ ಹೂವು ತಂದು, ಹಾಡು ಹೇಳಿ, ಅವಳನ್ನು ನಗಿಸಿ ಹೋಗುತ್ತಿದ್ದೆ. ಅವಳ ಸೂಜಿಯ ಕೈ ಹಿಡಿದು ಕೂರುತ್ತಿದ್ದವನು ನಾನು. ಆ ಖಾಲಿ ಮನೆಯ ಬೀಗ ತೆಗೆಯಲು ಈಗಲೂ ಪ್ರತಿ ಭಾನುವಾರ ನಾನೇ ಹೋಗಬೇಕು. ಬಾಗಿಲು ತೆಗೆದ ತಕ್ಷಣ ಅವಳ ಡೆಟಾಲಿನ ವಾಸನೆ ಬರುತ್ತದೆ. ಆ ಮನೆ ನನಗೆ ಬೇಡ. ಅದು ಹೋಗಬೇಕು. ನಿನಗೆ ಇದು ಅರ್ಥವಾಗುವುದಿಲ್ಲ.

ನನಗೆ ತಿಳಿಯದ ಅವ್ವ ಯಾರೂ ಇರಲಿಲ್ಲ. ಇದ್ದಿದ್ದರೆ ನನಗೆ ಹೇಳುತ್ತಿದ್ದಳು.

ಗುಂಡತ್ತೆಯ ಹತ್ತಿರ ಹೋಗುವುದಿಲ್ಲ. ಅವ್ವ ಆಸ್ಪತ್ರೆಯಲ್ಲಿದ್ದಾಗ ಶಂಶಾಬಾದಿನಿಂದ ಒಮ್ಮೆಯೂ ಬರದವರು ಅವರು. ಕೋಚಿಂಗ್ ಸೆಂಟರಿನವರು ದಿನಾ ಫೋನ್ ಮಾಡುತ್ತಿದ್ದಾರೆ. ನಾನು ಪ್ರಮಾಣ ಮಾಡಿ ಕೊಟ್ಟಾಗಿದೆ. ಈಗ ನೀನು ಉಲ್ಟಾ ಹೇಳಿದರೆ ನಾನು ಸುಳ್ಳುಪ್ರಮಾಣ ಮಾಡಿದ ಹಾಗಾಗುತ್ತದೆ. ನಿನಗೆ ಬೇಕಾಗಿರುವುದು ಅದೇ ಇರಬೇಕು.

ಸಹಿ ಮಾಡಿ ಕಳಿಸು. ಇಲ್ಲವಾದರೆ ಮನೋಜ ನಿನಗೆ ನೋಟೀಸು ಕಳಿಸುತ್ತಾರೆ, ಇಂಗ್ಲಿಷಿನಲ್ಲಿ.

ವಿಶ್ವಜಿತ್


ಸೊಲ್ಲಾಪುರ
6 ಮೇ 2025

ವಿಶ್ವಜಿತ್,

ಕಳಿಸು ನೋಟೀಸು. ನನಗೆ ಇಂಗ್ಲಿಷ್ ನಿನಗಿಂತ ಚೆನ್ನಾಗಿ ಬರುತ್ತದೆ.

ಅಫಿಡವಿಟ್ಟನ್ನು ಹರಿದಿದ್ದೇನೆ. ಮೊದಲ ಕಾಗದದಲ್ಲಿ ಖುಷಿಯಲ್ಲಿ ಕೊಟ್ಟ ನನ್ನ ಪಾಲನ್ನು ಈಗ ತಲೆ ತಣ್ಣಗಿಟ್ಟುಕೊಂಡು ವಾಪಸು ತೆಗೆದುಕೊಳ್ಳುತ್ತೇನೆ. ಗಂಡನೂ ಹೇಳಿಕೊಟ್ಟಿಲ್ಲ, ಅತ್ತೆಯೂ ಹೇಳಿಕೊಟ್ಟಿಲ್ಲ. ನಿಶಾಂತ ಹೇಳಿದ್ದು ಒಂದೇ: "ನಿಮ್ಮಣ್ಣ ಗಾಯ ಆದ ನಾಯಿ ಇದ್ದಂಗ ಇದ್ದಾನ, ಹತ್ರ ಹೋಗಬ್ಯಾಡ, ಸ್ವಲ್ಪ ದೂರ ಕೂತು ಮಾತಾಡು." ಅವನು ನಾಯಿ ಡಾಕ್ಟರ್, ಅವನಿಗೆ ಗೊತ್ತು. ನಾನು ದೂರ ಕೂತೇ ಮಾತಾಡುತ್ತಿದ್ದೇನೆ.

ನಾನು ನಗಿಸಿ ಹೋಗುತ್ತಿದ್ದೆ, ನಿಜ. ನೀನು ಒಮ್ಮೆಯಾದರೂ ಅವಳನ್ನು ನಗಿಸಿದೆಯಾ?

ಅವ್ವ ಮಕ್ಕಳಿಲ್ಲದೆ ಸತ್ತಳು ಎಂದು ಬರೆದುಕೊಟ್ಟವನು ನೀನು. ಸೂಜಿಯ ಕೈ ಹಿಡಿದು ಕೂತವನೇ ಬರೆದುಕೊಟ್ಟೆ. ನನ್ನ ಸಹಿ ನಿನಗೆ ಸಿಗುವುದಿಲ್ಲ. ಹಾಸ್ಟೆಲಿನವರಿಗೆ ಹಾಗೆಂದು ಹೇಳು.

ಪ್ರಾಜಕ್ತಾ


ಮಣಿಕೊಂಡ
3 ಜೂನ್ 2025

ಪ್ರಾಜಕ್ತಾ,

ನೀನು ಸುಳ್ಳಿ ಎಂದು ತೋರಿಸಲು ಭಾನುವಾರ ಶಂಶಾಬಾದಿಗೆ ಹೋಗಿದ್ದೆ. ಗುಂಡತ್ತೆಯ ಮಾತನ್ನು ಬರೆಸಿಕೊಂಡು ನಿನ್ನ ಮುಖಕ್ಕೆ ಎಸೆಯಬೇಕು ಎಂದಿತ್ತು.

ಅವರು ಮಗನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತಿದ್ದರು. ತಲೆಯ ಮೇಲೆ ವಿಮಾನ ಹೋದಾಗಲೆಲ್ಲ ಮಾತು ನಿಲ್ಲಿಸುತ್ತಾರೆ. ನನ್ನನ್ನು ನೋಡಿ, "ಸೂರ್ಯ ಯಾವ ಕಡೆ ಹುಟ್ಯಾನಪಾ ಇವತ್ತು, ದೊಡ್ಡ ಸಾಹೇಬ್ರು ಬಂದಾರ," ಅಂದರು. ಕೂಡು ಅನ್ನಲಿಲ್ಲ. ನಾನೂ ಕೂರಲಿಲ್ಲ.

"ಪ್ರಿಯಂವದಾ ಅಂದ್ರ ಯಾರತ್ತಿ?" ಎಂದೆ.

"ಏ ಹುಚ್ಚಾ! ನಿಮ್ಮವ್ವ ಅಲ್ಲೇನೋ?"

ಒಂದು ವಿಮಾನ ಹೋಯಿತು. ಅದು ಹೋಗುವವರೆಗೂ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ತಾಟು ಹಿಡದಾಕಿ ನಾನಽ. ನಿಮ್ಮಪ್ಪ ಶಾಮಲಾ ಅಂತ ಬರದ. ಅಕ್ಷರ ಭಾಳ ಚಂದ ಇದ್ದುವು ಅವಂದು."

"ಯಾಕ ಬದಲಿ ಮಾಡಿದ್ರಿ? ಆ ಹೆಸರಿಗೆ ಏನಾಗಿತ್ತು?"

"ನಮ್ಮವ್ವಗ ನಾಲಿಗಿ ತಿರಗಲಿಲ್ಲೋ. ಅಷ್ಟುದ್ದ ಹೆಸರು ಕರಿಯೂದ್ರಾಗ ಹಾಲು ಉಕ್ಕಿ ಹೋಗತೈತಿ ಅಂದ್ಲು. ಎಲ್ಲಾರೂ ನಕ್ವಿ."

"ಅವ್ವ ಏನಂದ್ಲು?"

"ಅಕೀನ್ನ ಯಾರು ಕೇಳಿದ್ರು? ಆದ್ರ ನಿನ್ನ ತಂಗಿ ಹುಟ್ಟಿದಾಗ ನೋಡಬೇಕಿತ್ತು. ನಮ್ಮವ್ವ ಗಂಗವ್ವ ಅಂತ ಇಡೋಣು ಅಂದ್ಲು. ನಿಮ್ಮವ್ವ ತೊಟ್ಟಿಲಿಗೆ ಅಡ್ಡ ನಿಂತಾಕಿ, 'ಹೆಸರು ನಾ ಇಡಾಕಿ, ಯಾರೂ ಬಾಯಿ ಹಾಕಬ್ಯಾಡ್ರಿ' ಅಂತ ಒದರಿದ್ಲು. ಅವತ್ತಿನಿಂದ ನನಗೂ ಅಕಿಗೂ ಮಾತಿಲ್ಲ. ದವಾಖಾನಿಗೆ ಯಾವ ಮುಖಾ ಇಟ್ಕೊಂಡು ಬರ್ಲಿ?"

ಆ ಅಕ್ಕಿ ಏನಾಯಿತು ಎಂದು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ.

"ಏನಾಗತೈತಿ? ಮರುದಿನ ಅನ್ನಾ ಮಾಡಿದ್ವಿ. ಎಲ್ಲಾರೂ ಉಂಡ್ವಿ. ನಿಮ್ಮವ್ವನಽ ಬಡಿಸಿದ್ಲು."

ಅಲ್ಲಿಂದ ಹೊರಟವನು ಮಣಿಕೊಂಡಕ್ಕೆ ಬರಲಿಲ್ಲ, ದಿಲ್‌ಸುಖ್‌ನಗರಕ್ಕೆ ಹೋದೆ. ಗೇಟಿನ ಹತ್ತಿರ ನಿಂತಿದ್ದೆ. ಮೀಟರಿನವನು ಕೂಗಿದಾಗ ನಾವು ನಗುತ್ತಿದ್ದೆವು ಎಂದು ಬರೆದಿದ್ದೆನಲ್ಲ, ಅವ್ವ ಏನು ಮಾಡುತ್ತಿದ್ದಳು ಎನ್ನುವುದನ್ನು ಬರೆದಿರಲಿಲ್ಲ. ಯಾವ ಕೆಲಸವಿದ್ದರೂ ಬಿಟ್ಟು, ಕೈ ಒರೆಸಿಕೊಂಡು, ಕನ್ನಡಿಯ ಮುಂದೆ ನಿಂತು ಕೂದಲು ಸರಿಮಾಡಿಕೊಂಡು, "ಆ, ವಸ್ತುನ್ನಾನಂಡೀ", ಬಂದೆ ಬಂದೆ ಎಂದು ತೆಲುಗಿನಲ್ಲಿ ಓಗೊಡುತ್ತ ಹೋಗುತ್ತಿದ್ದಳು. ನಾನು ಹೋಗುತ್ತೇನೆಂದರೆ ಬೈಯುತ್ತಿದ್ದಳು. ಬಿಲ್ಲು ತರಲು ಕನ್ನಡಿ ಯಾಕೆ ಎಂದು ನನಗೆ ಯಾವತ್ತೂ ಹೊಳೆಯಲಿಲ್ಲ.

ಇದು ಕ್ಷಮೆಯ ಕಾಗದವಲ್ಲ. ಕೇಳಬೇಕಾದವಳು ಇಲ್ಲ, ನಿನ್ನ ಹತ್ತಿರ ಕೇಳುವಂಥದ್ದು ಏನೂ ಇಲ್ಲ. ನೀನು ಕಳೆದ ಕಾಗದದಲ್ಲಿ ಬರೆದದ್ದನ್ನು ನಾನು ಮರೆಯುವುದಿಲ್ಲ.

ಮನೋಜ ನನ್ನ ಅಫಿಡವಿಟ್ಟನ್ನು ವಾಪಸು ತೆಗೆಸಿದ್ದಾರೆ. ಎರಡೂ ಹೆಸರು ಒಬ್ಬಳದೇ ಎಂದು ಹೊಸದು ಬರೆಯಬೇಕು. ಗುಂಡತ್ತೆ ಸಾಕ್ಷಿ ಹೇಳಲು ಒಪ್ಪಿದ್ದಾರೆ. 'ಶಾಮಲಾ ಅಲಿಯಾಸ್ ಪ್ರಿಯಂವದಾ' ಎಂದು ಬರೆಸಿದ್ದೇನೆ. ನೀನೇ ಬಂದು ಸಹಿ ಮಾಡಬೇಕು, ಅಂಚೆಯಲ್ಲಿ ಆಗುವುದಿಲ್ಲ. ಮನೆ ಮಾರುವ ವಿಷಯದಲ್ಲಿ ನನ್ನ ಮನಸ್ಸು ಬದಲಾಗಿಲ್ಲ.

ವಿಶ್ವಜಿತ್


ಸೊಲ್ಲಾಪುರ
11 ಜೂನ್ 2025

ಅಣ್ಣಾ,

ನಿನ್ನ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಹಾಲು ಉಕ್ಕುವ ಮಾತಿಗೆ ಅವರು ನಕ್ಕರು. ಅಕ್ಕಿಯ ಮಾತಿಗೆ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಬಂದು, "ನಿನ್ನ ಅಕ್ಕಿ ಡಬ್ಬೀನಾಗಽ ಐತಿ, ಇನ್ನಾ ಕುದಿಸಿಲ್ಲ," ಅಂದರು. ನಾನು ಅದನ್ನು ಮಹಡಿಗೆ ಒಯ್ದು ಗುಬ್ಬಿಗಳಿಗೆ ಹಾಕಿದೆ. ಎಷ್ಟು ಗುಬ್ಬಿ ಬಂದವು ಗೊತ್ತಾ! ಕಾಗೆಯೂ ಬಂತು, ಓಡಿಸಲಿಲ್ಲ. ಅತ್ತೆ ಕೆಳಗಿನಿಂದ ಕೂಗಿದರು: "ಹೆಸರು ಯಾವುದರ ಇಟ್ಕೋ ನಮ್ಮವ್ವಾ, ನಾ ಮಾತ್ರ ಶಿವಗಂಗಾ ಅಂತಽ ಕರಿಯಾಕಿ!" ನಾನೂ ಮೇಲಿನಿಂದ ಕೂಗಿದೆ: "ಕರೀರಿ ಸುಗಲಮ್ಮ, ಓಗೊಡೂದು ಬಿಡೂದು ನಂದು!" ಬೀದಿಯೆಲ್ಲ ಕೇಳಿಸಿರಬೇಕು. ನಿಶಾಂತ ಮಾತ್ರ ಮುಖ ಸಣ್ಣದು ಮಾಡಿಕೊಂಡು, ಶಿವಗಂಗಾ ಅಂತ ಸ್ಪೆಲಿಂಗ್ ಕಲಿಯಲು ಅಷ್ಟು ಕಷ್ಟಪಟ್ಟೆನಲ್ಲ ಎಂದ.

ಈಗ ನಿನ್ನ ಜೊತೆಗಿನ ಮಾತು. ನಾನೂ ಕ್ಷಮೆ ಕೇಳುತ್ತಿಲ್ಲ. ನನ್ನ ಪಾಲು ನನ್ನದೇ. ಮನೆ ಮಾರುವುದೋ ಬಿಡುವುದೋ ಎನ್ನುವ ಜಗಳವನ್ನು ಅಂಚೆಯಲ್ಲಿ ಆಡಲು ನನಗೆ ಸಾಕಾಗಿದೆ. ಎದುರು ಬಂದು ಆಡುತ್ತೇನೆ, ಆ ಮನೆಯೊಳಗೆ, ಡೆಟಾಲಿನ ವಾಸನೆಯ ನಡುವೆಯೇ. ನೀನು ಬೀಗ ತೆಗೆಯಬೇಡ. ಈ ಸಲ ನಾನು ತೆಗೆಯುತ್ತೇನೆ.

ಆದರೆ ನೀನು ಬರೆಸಿದ ಕಾಗದಕ್ಕೆ ನಾನು ಸಹಿ ಮಾಡುವುದಿಲ್ಲ. ತಿರುಗಿಸಿ ಬರೆಸು. 'ಪ್ರಿಯಂವದಾ ಅಲಿಯಾಸ್ ಶಾಮಲಾ'. ಮೊದಲು ಬಂದವಳು ಮೊದಲು. ಮನೋಜ ಏನು ವ್ಯತ್ಯಾಸ ಎಂದು ಕೇಳಿದರೆ, ಹಾಲು ಉಕ್ಕಿದರೆ ಉಕ್ಕಲಿ ಎಂದು ಹೇಳು. ಇದೊಂದಕ್ಕೆ ನೀನು ಇಲ್ಲ ಅಂದರೆ ನಾನು ಜೀವವಿರುವವರೆಗೂ ಸಹಿ ಮಾಡುವುದಿಲ್ಲ, ಮನೆ ಅಲ್ಲೇ ನಿಂತಿರುತ್ತದೆ, ಕರೆಂಟ್ ಬಿಲ್ಲು ಅವಳ ಹೆಸರಿಗೇ ಬರುತ್ತಿರುತ್ತದೆ. ಅದೂ ನನಗೆ ಒಪ್ಪಿಗೆಯೇ.

ನನ್ನ ನಂಬರನ್ನು ಅನ್‌ಬ್ಲಾಕ್ ಮಾಡು, ಇಲ್ಲವೇ ಮಾಡಬೇಡ. ಸ್ಟೇಷನ್ನಿಗೆ ಬಾ, ಇಲ್ಲವೇ ಬರಬೇಡ. ನಿಶಾಂತನನ್ನು ಕರೆತರುತ್ತಿಲ್ಲ, ಒಬ್ಬಳೇ ಬರುತ್ತೇನೆ. ನಾಂಪಲ್ಲಿ ಸ್ಟೇಷನ್ನಿನಲ್ಲಿ ಯಾರನ್ನಾದರೂ ಕೂಗಬೇಕೆನಿಸಿದರೆ ಸರಿಯಾದ ಹೆಸರು ಹಿಡಿದು ಕೂಗು, ಟಿಕೆಟ್ಟನ್ನೂ ಅದೇ ಹೆಸರಿನಲ್ಲಿ ತೆಗೆದಿದ್ದೇನೆ: ಪ್ರಾಜಕ್ತಾ, ಗುರುವಾರ, ಜೂನ್ ಹತ್ತೊಂಬತ್ತು, ಹುಸೇನ್‌ಸಾಗರ್ ಎಕ್ಸ್‌ಪ್ರೆಸ್.